ಕಾರಣ: ದೊಡ್ಡಣ್ಣನ ಓಡಾಟ

ಆ ರಬ್ಬರ್ ಮುದ್ರೆ ಮಾಡಿಸಿದ್ದು ದಾಖಲೆ ಗುಮಾಸ್ತ. ಎಲ್ಲೋ ದೂರದಲ್ಲಿ ಭಾರಿ ನಕ್ಷತ್ರ ಕುಸಿದಾಗ ಏಳುವ ಗುರುತ್ವದ ಅಲೆಯನ್ನು ಹಿಡಿಯಲೆಂದೇ ಸಂಶೋಧನಾ ಕೇಂದ್ರದಲ್ಲಿ ನಾಜೂಕಿನ ಯಂತ್ರವೊಂದನ್ನು ಇಟ್ಟಿದ್ದರು. ಆರು ವರ್ಷದಲ್ಲಿ ಅದು ಹಿಡಿದದ್ದು ಹೆಜ್ಜೆ ಹೆಜ್ಜೆಗೂ ನೆಲ ಅದುರಿಸುವ ಕ್ಯಾಂಟೀನಿನ ಅಡುಗೆಯವ ದೊಡ್ಡಣ್ಣನನ್ನು ಮಾತ್ರ. ಪರದೆಯ ಮೇಲೆ ಗೆರೆ ಕುಣಿದಾಗಲೆಲ್ಲ 'ಕಾರಣ' ಎಂಬಲ್ಲಿ ಅದನ್ನೇ ಬರೆದು ಬರೆದು ಕೈ ಸೋತು, ಗುಮಾಸ್ತ ಮುದ್ರೆಯನ್ನೇ ಮಾಡಿಸಿಬಿಟ್ಟಿದ್ದ: 'ದೊಡ್ಡಣ್ಣನ ಓಡಾಟ'.

ಈ ತಿಂಗಳು ಆಗಲೇ ನಾಲ್ಕು ಮುದ್ರೆ ಬಿದ್ದಿದ್ದವು. ಐದನೆಯದು ಬಿದ್ದರೆ ಊರಾಚೆಯ ಗೋದಾಮಿಗೆ ವರ್ಗ ಎಂದು ನಿರ್ದೇಶಕಿ ಖಡಾಖಂಡಿತವಾಗಿ ಹೇಳಿದ್ದರು. ಒಲೆಯೇ ಇಲ್ಲದ ಗೋದಾಮು! ಚಿಂತೆಗೆ ಊಟ ಸೇರದೆ ದೊಡ್ಡಣ್ಣ ಎರಡೇ ಸಲ ಬಡಿಸಿಕೊಳ್ಳುತ್ತಿದ್ದ.

ಅಂದು ಬೆಳಿಗ್ಗೆ ಹತ್ತೂವರೆಗೆ ಗೆರೆ ಎಂದೂ ಇಲ್ಲದಷ್ಟು ಕುಣಿಯಿತು. ಗುಮಾಸ್ತ ತಲೆ ಎತ್ತಿಯೂ ನೋಡದೆ ಮುದ್ರೆ ಒತ್ತಿದ.

ಮಧ್ಯಾಹ್ನ ಊದಿದ ಕೆನ್ನೆ ಹಿಡಿದುಕೊಂಡು ದೊಡ್ಡಣ್ಣ ಗೇಟು ದಾಟುತ್ತಲೇ ಗುಮಾಸ್ತ ಅಡ್ಡ ಬಂದ. "ಮುಗೀತು ನಿನ್ ಕತೆ! ಹತ್ತೂವರೆಗೆ ಏನ್ ಕುಣಿದ್ಯೋ ಮಾರಾಯ? ಮೇಡಂ ವರ್ಗದ ಕಾಗದ ಟೈಪ್ ಮಾಡಿಸ್ತಿದ್ದಾರೆ."

"ಹತ್ತೂವರೆಗಾ?"

ದೊಡ್ಡಣ್ಣ ಬಾಯಿಯಿಂದ ಹತ್ತಿ ತೆಗೆದ. ನೋವೆಲ್ಲ ಹಾರಿಹೋಗಿತ್ತು. ಸೀದಾ ನಿರ್ದೇಶಕಿಯ ಕೋಣೆಗೆ ನುಗ್ಗಿ ಮೇಜಿನ ಮೇಲೆ ಪೊಟ್ಟಣವೊಂದನ್ನು ಬಿಚ್ಚಿಟ್ಟ. ಒಳಗೆ ಒಂದು ದವಡೆಹಲ್ಲು.

"ಥೂ, ಇದೇನ್ರೀ ಇದು?"

"ಸಾಕ್ಷಿ, ಮೇಡಂ! ಹತ್ತೂವರೆಗೆ ನಾನು ಪೇಟೇಲಿ ಹಲ್ಲಿನ ಡಾಕ್ಟ್ರ ಕುರ್ಚೀಲಿ ಬಾಯಿ ಬಿಟ್ಕೊಂಡು ಕೂತಿದ್ದೆ. ಚೀಟೀಲಿ ಟೈಮ್ ಬರ್ದಿದ್ದಾರೆ, ನೋಡಿ. ಆರು ವರ್ಷದಿಂದ ನನ್ನ ಮೇಲೆ ಗೂಬೆ ಕೂರಿಸಿದ್ರಲ್ಲ, ಇವತ್ತು ಓಡಾಡಿದ್ಯಾರು ಹೇಳಿ?"

ನಿರ್ದೇಶಕಿ ಚೀಟಿ ನೋಡಿದರು, ಗೆರೆ ನೋಡಿದರು, ಸಮುದ್ರದಾಚೆಯ ಇನ್ನೊಂದು ಕೇಂದ್ರಕ್ಕೆ ಫೋನು ಹಚ್ಚಿದರು. ಅಲ್ಲೂ ಅದೇ ಹೊತ್ತಿಗೆ ಅಂಥದೇ ಗೆರೆ! ಫೋನು ಕೆಳಗಿಟ್ಟವರೇ ಕುರ್ಚಿಯಿಂದ ಎದ್ದು ನಿಂತರು.

"ನಕ್ಷತ್ರ ಕಣ್ರೀ! ಭಾರಿ ನಕ್ಷತ್ರ ಕುಸಿದಿದೆ! ನೀವು ಹಲ್ಲು ಕೀಳಿಸ್ಕೊಳ್ದೇ ಇದ್ದಿದ್ರೆ ಇದನ್ನೂ ನಿಮ್ ತಲೆಗೇ ಕಟ್ತಿದ್ವಿ!"

ವರ್ಗದ ಕಾಗದ ಚೂರುಚೂರಾಯಿತು. ಗುಮಾಸ್ತ ತನ್ನ ಕೈಯಾರೆ ಬೆಳಗಿನ ಮುದ್ರೆಯ ಮೇಲೆ ಗೆರೆ ಎಳೆದು 'ನಕ್ಷತ್ರ' ಎಂದು ಬರೆದ. ದೊಡ್ಡಣ್ಣನ ಕಣ್ಣು ತುಂಬಿ ಬಂತು.

"ಇವತ್ತಿನ ನಕ್ಷತ್ರ ನಮ್ಮ ದೊಡ್ಡಣ್ಣ!" ಎಂದು ಕೂಗುತ್ತ ಆರು ಜನ ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಅವನೂ ಎರಡು ಕೈ ಎತ್ತಿ, ಗೆದ್ದ ಪೈಲ್ವಾನನ ಹಾಗೆ ಜೈಕಾರ ಹಾಕಿಸಿಕೊಂಡ. ಮೆರವಣಿಗೆ ಯಂತ್ರದ ಕೋಣೆಯ ಬಾಗಿಲವರೆಗೂ ಬಂತು. ಅಲ್ಲಿ ಹೆಗಲುಗಳೆಲ್ಲ ಒಟ್ಟಿಗೇ ಸೋತವು.

ಧಡಾರ್!

ಪರದೆಯ ಮೇಲೆ ಗೆರೆ ಬೆಳಗಿನದಕ್ಕಿಂತ ಎತ್ತರಕ್ಕೆ ಹಾರಿತು. ನೆಲದ ಮೇಲೆ ಅಂಗಾತ ಬಿದ್ದಿದ್ದ ದೊಡ್ಡಣ್ಣ ಗುಮಾಸ್ತನ ಕಡೆ ನೋಡಿ ಕೈ ಮುಗಿದ.

ಗುಮಾಸ್ತ ಮುದ್ರೆಗೆ ಶಾಯಿ ಹಚ್ಚಿಕೊಂಡ. "ಬೇಜಾರ್ ಮಾಡ್ಕೋಬೇಡ ಅಣ್ಣಾ. ಓಡಾಟ ಅನ್ನೋದನ್ನ ಹೊಡೆದುಹಾಕಿ ಕುಸಿತ ಅಂತ್ಲೇ ಬರೀತೀನಿ. ಆದ್ರೆ ಐದನೇದು ಐದನೇದೇ."