ಮೂರನೇ ತಿರುವು

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಸಿದ್ದಲಿಂಗೇಶರ ಕಂಪ್ಯೂಟರು ಐದನೇ ಸಲ ಆರಿಹೋಯಿತು. ರೇಸಿನ ಕಾರು ಮೂರನೇ ತಿರುವಿಗೆ ಬಂದಿತ್ತಷ್ಟೆ, ಪರದೆ ಕಪ್ಪಾಯಿತು. ಪತ್ರ ಟೈಪು ಮಾಡಿದರೆ ಏನೂ ಆಗದು, ಸಿನಿಮಾ ನೋಡಿದರೂ ಆಗದು. ಭಾರದ ಆಟ ಹಚ್ಚಿದರೆ ಮಾತ್ರ, ಕೆಲಸ ಹೇಳಿದೊಡನೆ ಹೊಟ್ಟೆನೋವು ಬರುವ ಅಳಿಯನ ಹಾಗೆ ಮಲಗಿಬಿಡುತ್ತಿತ್ತು.

ಹೊಸಪೇಟೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಸಿದ್ದಲಿಂಗೇಶರಿಗೆ ಅಂದು ಸಂಜೆ ನಾಲ್ಕಕ್ಕೆ ಆನ್‌ಲೈನ್ ರೇಸಿನ ಫೈನಲ್ ಇತ್ತು. ಎದುರಾಳಿಯ ಹೆಸರು ‘ಟೈಗರ್ 59’. ಕಳೆದ ವರ್ಷ ಇವರನ್ನು ಅರ್ಧ ಸೆಕೆಂಡಿನಿಂದ ಸೋಲಿಸಿ, ಮೇಲೊಂದು ನಗುವ ಮುಖ ಕಳಿಸಿದ್ದ ದುಷ್ಟ. ದಿಲ್ಲಿ ಕಡೆಯ ಇಪ್ಪತ್ತರ ತರುಣನಿರಬೇಕೆಂದು ಇವರ ಊಹೆ. ಆ ನಗುವಿಗೆ ಇಂದು ಉತ್ತರ ಕೊಡಲೇಬೇಕಿತ್ತು.

ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಅವರ ಪದ್ಧತಿ. ಮೆಮೊರಿ ಚಿಪ್ಪು ಕಳಚಿ ಮತ್ತೆ ಹಾಕಿದರು, ನೋಟ್‌ಬುಕ್ಕಿನಲ್ಲಿ ಸಮಯ ಬರೆದರು. ಡ್ರೈವರ್ ಸಾಫ್ಟ್‌ವೇರ್ ಬದಲಿಸಿದರು, ಉಷ್ಣತೆ ಬರೆದರು. ಕಾರು ಮಾತ್ರ ಮೂರನೇ ತಿರುವು ದಾಟಲಿಲ್ಲ.

ಪಕ್ಕದ ಮನೆಯ ರೈಸ್‌ಮಿಲ್ಲಿನ ಕೊಟ್ರಯ್ಯ ಬಂದು ನೋಡಿ, ಇದು ಸಂಡೂರಿನ ಅದಿರು ಲಾರಿಗಳ ಧೂಳೇ ಎಂದು ತೀರ್ಪು ಕೊಟ್ಟರು. ಮಿಲ್ಲಿನಿಂದ ಬ್ಲೋವರ್ ತಂದು ಊದಿದರು. ಕಂಪ್ಯೂಟರು ಸ್ವಚ್ಛವಾಯಿತು. ಅದರೊಳಗಿದ್ದ ಧೂಳು ಬ್ಲೋವರಿನ ತೌಡಿನ ಜೊತೆಗೂಡಿ ಮೇಷ್ಟ್ರ ಮೀಸೆಯಿಂದ ಅಡುಗೆಮನೆಯ ಮೊಸರಿನವರೆಗೆ ಹರಡಿತು. ಅದೂ ಫಲಿಸದಿದ್ದಾಗ ಕೊಟ್ರಯ್ಯ ಕಂಪ್ಯೂಟರಿನ ಪೆಟ್ಟಿಗೆಗೆ ವಿಭೂತಿ ಹಚ್ಚಿ, ತಮ್ಮ ಮನೆಯ ದೊಡ್ಡ ಕೂಲರನ್ನೂ ತಂದು ಎದುರಿಗೆ ಹಚ್ಚಿದರು. ಈ ಸಲ ಕಾರು ಎರಡನೇ ತಿರುವಿನಲ್ಲೇ ನಿಂತಿತು. ಎರಡು ಬದಲಾವಣೆ ಒಟ್ಟಿಗೇ ಆದದ್ದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು ತಿಳಿಯದೆ ಸಿದ್ದಲಿಂಗೇಶರು ಪೆನ್ನು ಕೆಳಗಿಟ್ಟರು.

ಎದುರು ಮನೆಯ ಜಂಬಯ್ಯ ಆಗಲೇ ಬಂದು ಕೂತಿದ್ದರು. ಕಾಲುವೆಯ ತೂಬು ಎತ್ತಿ ಇಳಿಸುತ್ತಲೇ ನಿವೃತ್ತರಾದವರು. ಅವರು ಕಂಪ್ಯೂಟರನ್ನು ನೋಡುತ್ತಿರಲಿಲ್ಲ, ಟ್ಯೂಬ್‌ಲೈಟನ್ನು ನೋಡುತ್ತಿದ್ದರು.

“ಸರ, ನಿಮ್ ಮಷಿನ್ದು ತಪ್ಪಿಲ್ರಿ. ಅದು ಆರೋಕಿಂತ ಮೊದ್ಲು ಲೈಟು ಸೊರಗ್ತೈತಿ. ಕಾಲುವಿ ಮೊದಲ್ನಾಗ ಇದ್ದೋರು ಮೋಟ್ರು ಹಚ್ಚಿದ್ರ ಕೊನಿ ಹೊಲಕ್ಕ ನೀರು ಎಲ್ಲಿಂದ ಬರ್ಬೇಕ್ರಿ?”

ವೋಲ್ಟೇಜು ಇಳಿಯುವ ಪಾಠವನ್ನು ಹಿಂದಿನ ವಾರವಷ್ಟೇ ಮಾಡಿದ್ದ ಸಿದ್ದಲಿಂಗೇಶರು ಕಿವಿ ಕೆಂಪಾಗಿ ಕೂತರು. ಆ ಹಳೇ ವಠಾರದ ನಾಲ್ಕು ಮನೆಗೂ ಒಂದೇ ಲೈನು, ಇವರದು ಕೊನೆಯ ಮನೆ. ವೈರು ಬದಲಿಸಿ ಎಂದಾಗಲೆಲ್ಲ ಕಂಪ್ಲಿಯಲ್ಲಿರುವ ಮಾಲೀಕರು ಹೊಸ ಬಲ್ಬು ಕಳಿಸುತ್ತಿದ್ದರು.

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಜಂಬಯ್ಯ ಮೀಟರ್ ಬೋರ್ಡಿಗೆ ಹೋಗಿ ಉಳಿದ ಮೂರೂ ಮನೆಗಳ ಮೇನ್ ಸ್ವಿಚ್ಚನ್ನು ತೂಬು ಇಳಿಸಿದಷ್ಟೇ ಗತ್ತಿನಿಂದ ಇಳಿಸಿದರು. ಮಾಳಿಗೆಯ ಮನೆಯ ನಿವೃತ್ತ ಹೆಡ್‌ಮೇಡಂ ಅಕ್ಕನಾಗಮ್ಮನವರನ್ನು ಕೇಳಬೇಕಲ್ಲ ಎಂದು ಸಿದ್ದಲಿಂಗೇಶರು ಅಂದರೆ, ಉಂಡು ಮಲಗಿರುತ್ತಾರೆ ಬಿಡಿ ಎಂದರು.

ಕಾರು ಮೂರನೇ ತಿರುವು ದಾಟಿತು. ಹತ್ತನೆಯದನ್ನೂ ದಾಟಿತು. ಕೊಟ್ರಯ್ಯ ವಿಭೂತಿಗೆ ಕೈಮುಗಿದರು.

ನಾಲ್ಕಾಯಿತು. ಸಿದ್ದಲಿಂಗೇಶರ ಕಾರು ಗೆರೆಯ ಮೇಲೆ ಗುರುಗುಟ್ಟುತ್ತ ನಿಂತಿತು. ಪಕ್ಕದ ಜಾಗ ಖಾಲಿ. ಹತ್ತು ನಿಮಿಷ ಕಳೆದರೂ ಟೈಗರ್ ಬರಲಿಲ್ಲ. ಎದುರಾಳಿ ಗೈರು, ಪಂದ್ಯ ಮುಂದಿನ ಭಾನುವಾರ ಎಂದು ಪರದೆ ಹೇಳಿತು.

ಅಷ್ಟರಲ್ಲಿ ಮೆಟ್ಟಿಲಲ್ಲಿ ದಡದಡ ಸದ್ದಾಯಿತು. ಬಾಗಿಲಲ್ಲಿ ಅಕ್ಕನಾಗಮ್ಮ. ಕೊರಳಲ್ಲಿ ಹೆಡ್‌ಫೋನು ಜೋತಾಡುತ್ತಿತ್ತು.

“ಯಾರಪ್ಪ ನನ್ ಮೇನ್ ತೆಗ್ದೋರು? ನಿನ್ನೆ ತಂದ ಹೊಸ ದೊಡ್ಡ ಮಷಿನ್‌ನಾಗ ಬೆಳಗಿನಿಂದ ಪ್ರಾಕ್ಟೀಸ್ ಮಾಡೀನಿ, ಫೈನಲ್ ಹೊತ್ತಿಗೇ...” ಎಂದವರು ಪರದೆ ಕಂಡು ಕನ್ನಡಕ ಏರಿಸಿದರು. “ಅಯ್ಯ, ಹೋದ್ ವರ್ಷ ಅರ್ಧ ಸೆಕೆಂಡಿಗೆ ಸೋತೋರು ನೀವಾ ಮೇಷ್ಟ್ರ?”

ಸಿದ್ದಲಿಂಗೇಶರು ಕೆಳಗಿಟ್ಟಿದ್ದ ಪೆನ್ನನ್ನು ಮತ್ತೆ ಎತ್ತಿಕೊಂಡರು. ಆಮೇಲೆ ಪ್ರಯೋಗ ನಡೆಯಿತು. ಟೈಗರಿನ ಆಟ ಹಚ್ಚಿದರೆ ಇವರ ಕಂಪ್ಯೂಟರು ಆರುತ್ತಿತ್ತು, ಟೈಗರಿನದು ತೆಗೆದರೆ ಇವರದು ಓಡುತ್ತಿತ್ತು. ನಾಲ್ಕು ಸಲ ಮಾಡಿದರೂ ಫಲಿತಾಂಶ ಬದಲಾಗಲಿಲ್ಲ.

ಅಕ್ಕನಾಗಮ್ಮ ಎಲ್ಲರಿಗೂ ಚಹಾ ತಂದರು. ಅರ್ಧ ಲೋಟ ಮುಗಿಯುವುದರೊಳಗೆ ಜಂಬಯ್ಯ ದಾರಿ ಹುಡುಕಿದ್ದರು.

“ಭಾಳ ಸರಳ ಐತ್ರಿ. ಒಂದ್ ಭಾನುವಾರ ಸರ್ದು ಪಾಳಿ, ಮುಂದಿನ ಭಾನುವಾರ ಅಕ್ಕಾರ್ದು. ಮೂವತ್ತು ವರ್ಷ ಹಿಂಗ ನೀರು ಬಿಟ್ಟೀನಿ, ಒಬ್ರಿಗೊಬ್ರು ಎದುರಾಗೋದ ಇಲ್ಲ ನೋಡ್ರಿ.”