ಕೆಟ್ಟು ನಿಂತಾಗಲೂ ಮ್ಯಾನರ್ಸ್

ಠಕ್, ಠಕ್, ಠಕ್... ಫುಸ್! ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಥಾಣೆಯ ನಮ್ಮ ಸೊಸೈಟಿ ಏಳುತ್ತಿದ್ದುದು ನನ್ನ ತಂಗಿಯ ಮಗನ ಸ್ಕೂಟರಿನ ಈ ಸುಪ್ರಭಾತಕ್ಕೆ. ಸೋಲಿಗೂ ಇಸ್ತ್ರಿ ಹಾಕಿದ ಅಂಗಿ ತೊಡಿಸುವ ಗಂಡಸು ಇಡೀ ಮುಂಬಯಿಯಲ್ಲಿ ಇವನೊಬ್ಬನೇ, ಬೆಟ್ ಕಟ್ಟುತ್ತೀರಾ?

ಬೇರೆಯವರಾದರೆ ಸ್ಕೂಟರಿಗೆ ಒದ್ದು ಬೈಯುತ್ತಾರೆ. ಇವನು ಹ್ಯಾಂಡಲ್ಲಿಗೆ ರಟ್ಟಿನ ಬೋರ್ಡು ತೂಗುಹಾಕುತ್ತಿದ್ದ: ‘ಇದು ಸ್ಟಾರ್ಟ್ ಆಗದು. ತಪ್ಪು ನಿಮ್ಮದಲ್ಲ. ಗೇಟಿನ ಹೊರಗೆ ರಿಕ್ಷಾ ಸಿಗುತ್ತದೆ.’

“ಇದು ಯಾರಿಗೆ ಮಾರಾಯಾ?”

“ಸ್ಕೂಟರ್ ಕೇಳಿ ಕೊಂಡುಹೋಗುವವರಿಗೆ, ದೊಡ್ಡಮ್ಮ. ಪಾಪ, ಕಳ್ಳನೂ ಸುಮ್ಮನೆ ಬೆವರುವುದು ಬೇಡ.”

ಕಳ್ಳ ಬಂದೇ ಬಂದ. ಬೋರ್ಡನ್ನು ಮಾತ್ರ ಕದ್ದ!

ಹೆಣ್ಣಿನ ಕಡೆಯವರು ನೋಡಲು ಬಂದ ದಿನ ಬಾಗಿಲಲ್ಲೇ ಹೇಳಿದ: “ಉಪ್ಪಿಟ್ಟು ಸೀದಿದೆ. ಚಹಾ ಉಂಟು. ಕುಡೀತೀರಾ?” ಕುಡಿದರು. ಹೆಣ್ಣು ಕೊಡಲಿಲ್ಲ!

ಮುಂದೆ ಐರೋಲಿಯ ಆಫೀಸಿನಲ್ಲಿ ಮೊಬೈಲ್ ಆ್ಯಪ್ ಬರೆಯತೊಡಗಿದ. ಅಷ್ಟರಲ್ಲಿ ನಮ್ಮ ಯಜಮಾನರಿಗೆ ಮನೆಯ ದಾರಿ ಮರೆಯಲು ಶುರುವಾಗಿತ್ತು. ದಾರಿ ತೋರಿಸುವ ಆ್ಯಪ್ ಒಂದನ್ನು ಅವರಿಗೆಂದೇ ಮಾಡಿದ. ಮಾಡಿದ್ದು ಬೇಗ, ಆದರೆ ಅದು ತೆರೆಯದೇ ಹೋದರೆ ಏನು ಹೇಳಬೇಕು ಎಂಬ ಒಂದೇ ಪರದೆಗೆ ತಿಂಗಳುಗಟ್ಟಲೆ ತಲೆ ಕೆರೆದುಕೊಂಡ.

“ಮೊದಲು ಅದು ಓಪನ್ ಆಗುವ ಹಾಗೆ ಮಾಡೋ!”

“ಆಗದಿದ್ದರೆ? ಬಿಳೀ ಸ್ಕ್ರೀನ್ ನೋಡಿ ದೊಡ್ಡಪ್ಪ ತಮ್ಮದೇ ತಪ್ಪು ಅಂದ್ಕೊಳ್ತಾರೆ. ಈ ಪರದೆಗೆ ಇಂಟರ್ನೆಟ್ ಬೇಡ, ಮ್ಯಾಪ್ ಬೇಡ, ಯಾರ ಹಂಗೂ ಬೇಡ. ರಿಪೇರಿಯೇ ಆಗದ್ದಕ್ಕೆ ‘ಟ್ರೈ ಅಗೇನ್’ ಅನ್ನುವ ಸುಳ್ಳೂ ಬೇಡ.”

ಕಾನ್ವೆಂಟಿನ ಸಿಸ್ಟರುಗಳೂ ನಮಗೆ ಇಷ್ಟು ಮ್ಯಾನರ್ಸ್ ಕಲಿಸಿರಲಿಲ್ಲ!

ಒಂದು ಸಂಜೆ ಕ್ಷೌರಕ್ಕೆಂದು ಹೋದ ನಮ್ಮವರು ಹಿಂದಿರುಗಲಿಲ್ಲ. ಹುಡುಕಲು ಹೊರಡಲೆಂದು ಚಪ್ಪಲಿ ಮೆಟ್ಟಿದೆ. ಆಗ ಫೋನ್ ಬಂತು.

“ಏ, ಇಲ್ಲಿ ಬರೆದಿದೆ ಕೇಳು. ‘ದೊಡ್ಡಪ್ಪ, ಆ್ಯಪ್ ಕೆಟ್ಟಿದೆ. ತಪ್ಪು ನಿಮ್ಮದಲ್ಲ, ನನ್ನದು. ಹಸಿರು ಗುಂಡಿ ಒತ್ತಿ, ದೊಡ್ಡಮ್ಮ ಎತ್ತುತ್ತಾರೆ.’ ಒತ್ತಿದೆ. ನೀನು ಎತ್ತಿದಿ!” ನಗುತ್ತಿದ್ದರು!

“ಎಲ್ಲಿದ್ದೀರಿ?”

ಫೋನು ಇನ್ನೊಂದು ಕೈಗೆ ಹೋಯಿತು. “ಟೆನ್ಶನ್ ಮತ್ ಲೋ ಆಂಟೀ, ಅಂಕಲ್ ಮಾಜಿವಾಡಾ ಮೇ ಮೇರೇ ಟಪರೀ ಪೇ ಚಾಯ್ ಪೀ ರಹೇ ಹೈ.”

ಮಾಜಿವಾಡಾದ ಗೂಡಂಗಡಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದಾರಂತೆ! ಓಹ್, ಥ್ಯಾಂಕ್ ಗಾಡ್!

ಅವರನ್ನು ಕೊನೆಯ ಸಲ ಕಂಡದ್ದು ಆಸ್ಪತ್ರೆಯಲ್ಲಿ, ಒಂದು ಬೆಳಿಗ್ಗೆ. ನನ್ನನ್ನೇ ನೋಡುತ್ತ, ಹೆಸರು ನೆನಪಾಗದೆ ಹುಬ್ಬು ಗಂಟಿಕ್ಕಿ ಒದ್ದಾಡುತ್ತಿದ್ದರು. ನಾನು ಕೈ ಹಿಡಿದು ಹೇಳಿದೆ, “ತಪ್ಪು ನಿಮ್ಮದಲ್ಲ. ಚಹಾ ಉಂಟು. ಕುಡೀತೀರಾ?”

ಹುಬ್ಬು ಸಡಿಲವಾಯಿತು. “ನೀವೂ ಕುಡಿಯಿರಿ,” ಎಂದರು, ಬಹಳ ಪೊಲೈಟಾಗಿ.