ಕಾಕಾನ ಅಡ್ಡಿಗಳು

ನಮ್ಮ ಕಾಕಾನನ್ನು ಯಮನೂ ಒಂದೇ ಸಲಕ್ಕೆ ಕರೆದೊಯ್ದಿರಲಾರ! ಕೋಣ ಬಾಗಿಲಿಗೆ ಬಂದಾಗ, “ಇವತ್ತ ಒಂದ ತೊಡಕ ಐತಿ, ನಾಳಿ ಬಾ” ಎಂದು ಹಿಂದಕ್ಕೆ ಕಳಿಸಿಯೇ ಇರುತ್ತಾನೆ.

ಉಗಾರ ಬುದ್ರುಕದಲ್ಲಿ ನಮ್ಮ ತಂದೆಯ ಈ ತಮ್ಮ ಯಾವ ಕೆಲಸವನ್ನೂ ಒಲ್ಲೆ ಎಂದವನಲ್ಲ. ಅದಕ್ಕಿರುವ ಅಡಚಣೆಯನ್ನು ಹೆಸರು ಹಿಡಿದು ಕರೆದು, ಮಣೆ ಹಾಕಿ ಕೂರಿಸುತ್ತಿದ್ದ, ಅಷ್ಟೇ. ಒಮ್ಮೆ ಚಿಕ್ಕೋಡಿಗೆ ಹೊರಟಾಗ ನಿಲ್ದಾಣದಲ್ಲಿ ನನಗೆ ಪಾಠವನ್ನೇ ಹೇಳಿದ:

“ಲೇ ತಮ್ಮಾ, ತೊಡಕ ಅಂದ್ರ ಕುಂತು ಬಿಡಿಸಬೌದು. ಅಡ್ಡಿ ಅಂದ್ರ ದಾಟಬೌದು. ಅಡಥಳಾ ಅಂದ್ರ ಮಿರಜಿ ಕಡೆ ಮರಾಠಿ ಮಾಲ, ಅದಕ್ಕ ನಮ್ಮ ಮದ್ದು ನಡ್ಯೂದಿಲ್ಲ. ಖೋಡಿ ಅಂದ್ರ ಮನಶ್ಯಾ ಆಗಿ ಹುಟ್ಟಿ ಬರತೈತಿ.”

“ಕಾಕಾ, ಬಸ್ ಹೋತಲ್ಲ!”

“ಹೋಗ್ಲಿ ಬಿಡು. ಅದು ಬರೇ ತಡಾ.”

ಆ ಖೋಡಿ ಯಾರೆಂಬುದು ನನ್ನ ನಿಶ್ಚಿತಾರ್ಥದಲ್ಲಿ ಬಯಲಾಯಿತು. ರಾಯಬಾಗದ ಬೀಗರ ಎದುರು ಕಾಕಾ, “ವರ ನಮ್ಮವನೇ ಖರೆ, ನಮ್ಮ ಮನ್ಯಾನ ಖೋಡಿನೂ ಇವನೇ ನೋಡ್ರಿ!” ಎಂದ. ನನ್ನ ಭಾವಿ ಮಾವ ಚಹಾದ ಬಶಿಯನ್ನು ಕೆಳಗಿಟ್ಟು ನಕ್ಕರು. ಬಶಿಗೆ ನೀಲಿ ಅಂಚಿತ್ತು. ಮರೆಯುವುದಕ್ಕೆ ನಾನೇನು ಸನ್ಯಾಸಿಯೇ?

ಇಂಥವನ ಹೊಲವನ್ನು ದಾಟಿಯೇ ನಾನು ಕೃಷ್ಣೆಯ ನೀರನ್ನು ನನ್ನ ಹೊಲಕ್ಕೆ ತರಬೇಕಾಗಿತ್ತು. ಎಂಬತ್ತರ ದಶಕದ ಆ ಬೇಸಿಗೆಯಲ್ಲಿ ನನ್ನ ಎಳೆಯ ಕಬ್ಬಿನ ಸುಳಿ ಒಣಗತೊಡಗಿತ್ತು. ಕಾಕಾ ಆಶ್ಚರ್ಯವೆಂಬಂತೆ ಒಪ್ಪಿದ! “ಒಯ್ಯೋ ತಮ್ಮಾ, ನೀರಿಗೆ ಯಾರರೆ ಇಲ್ಲ ಅಂತಾರೇನು?”

ಪೈಪು ಹೂಳುವ ಕಾಲುವೆ ಅವನ ಹೊಲದ ಬೋರೆ ಗಿಡದ ಬಳಿ ಬಂದದ್ದೇ ತಡ, ನಿಘಂಟು ತೆರೆಯಿತು. ಅಮಾವಾಸ್ಯೆ ಎಂದ, ಕಾದೆ. ಗಿಡದ ಬುಡದಲ್ಲಿ ಹಾವಿದೆ ಎಂದ. ಕೋಲು ಆಡಿಸಿ ಇಲ್ಲವೆಂದು ತೋರಿಸಿದೆ. ಅಗೆಯುವವನು ಎಡಚ ಎಂದ. ಬಲಗೈಯವರನ್ನೇ ಹುಡುಕಿ ತಂದೆ! ಅಷ್ಟರಲ್ಲಿ ಕಬ್ಬು ಸಾಲುಸಾಲಾಗಿ ಸಾಯುತ್ತಿತ್ತು.

ಒಂದು ಮುಂಜಾನೆ ಅವನನ್ನು ಕೇಳದೆ ಗುದ್ದಲಿ ಹಾಕಿಸಿದೆ. ಕಾಕಾ ಬರಿಗಾಲಲ್ಲಿ ಓಡಿ ಬಂದು, ಗುದ್ದಲಿ ಬೀಳಬೇಕಾದ ಜಾಗದಲ್ಲೇ ಕುಳಿತುಬಿಟ್ಟ.

“ಇವತ್ತ ಯಾವುದು ಕಾಕಾ? ತೊಡಕೋ, ಅಡ್ಡಿಯೋ? ಖೋಡಿ ಅಂತೂ ನಾನೇ ಅದೀನಲ್ಲ!”

ಅಗೆಯುವವರು ನಕ್ಕರು. ಕಾಕಾ ಎರಡೂ ಅಂಗೈಗಳನ್ನು ನೆಲಕ್ಕೆ ಊರಿದ.

ಅವನ ಬೆನ್ನಿಗೇ ಬಂದ ಅವನ ಹೆಂಡತಿ, ನಮ್ಮ ಕಾಕು, ಸೆರಗನ್ನು ಬಾಯಿಗೊತ್ತಿಕೊಂಡು ಹೇಳಿದಳು: “ಅಲ್ಲಿ ನಮ್ಮ ಕೂಸ ಐತಿ, ತಮ್ಮಾ. ನೀ ಹುಟ್ಟೂಕಿಂತ ಮೊದಲಿಂದು.”

ಕಾಕಾ-ಕಾಕುವಿಗೆ ಮಕ್ಕಳೇ ಆಗಲಿಲ್ಲವೆಂದು ನಾವೆಲ್ಲ ತಿಳಿದಿದ್ದೆವು. ತೊಟ್ಟಿಲಿಗೆ ಹಾಕುವ ಮೊದಲೇ ಹೋದ ಕೂಸನ್ನು ನಮ್ಮಲ್ಲಿ ಹೊಲದ ಮೂಲೆಯಲ್ಲಿ ಹೂಳುತ್ತಾರೆ. ಕಲ್ಲು ನೆಡುವುದಿಲ್ಲ, ಮಾತೂ ಆಡುವುದಿಲ್ಲ.

“ಹೆಸರ ಏನಿತ್ತು ಕಾಕು?”

ಉತ್ತರ ಕೊಟ್ಟವನು ಕಾಕಾ, ನೆಲ ನೋಡುತ್ತಲೇ. “ಇಡಾಕ ಪುರಸೊತ್ತ ಕೊಡಲಿಲ್ಲೋ.”

ಪೈಪನ್ನು ಗಿಡದಿಂದ ದೂರಕ್ಕೆ ಬಳಸಿ ತಂದೆ. ನೀರು ಬರುವಷ್ಟರಲ್ಲಿ ಅರ್ಧ ಕಬ್ಬು ಹೋಗಿತ್ತು. ಅದನ್ನೂ ನಾನು ಮರೆತಿಲ್ಲ, ನೀಲಿ ಅಂಚಿನ ಬಶಿಯನ್ನೂ ಮರೆತಿಲ್ಲ.

ತೊಂಬತ್ತರ ದಶಕದಲ್ಲಿ, ಕಾಕಾ ಕಾಕು ಇಬ್ಬರೂ ಹೋದ ಮೇಲೆ, ಪಂಪು ದುರಸ್ತಿಗೆ ಅಥಣಿಯಿಂದ ಒಬ್ಬ ಬಂದ. ಪೈಪಿನ ದಾರಿ ನೋಡಿ ತಲೆ ಕೊಡವಿದ.

“ಇಲ್ಲಿ ಯಾಕ ಸೊಟ್ಟ ಹಾಕೀರಿ, ಯಜಮಾನ್ರ? ನೀರಿನ ಜೋರ ಕಡಿಮಿ ಆಗತೈತಿ. ಗಿಡದ ಬುಡಕ್ಕ ಹಾಸಿ ಸರಳ ಮಾಡೂನೇನ್ರಿ?”

“ಬ್ಯಾಡ. ಅಡ್ಡಿ ಐತಿ.”

“ಎಂಥಾ ಅಡ್ಡಿರಿ?”

“ಸಣ್ಣದೈತಿ,” ಎಂದೆ. “ಮಲಗಲಿ ಬಿಡು.”